ಗ್ಲೈಡರ್, ಹೆಡ್ಜ್‌ಹಾಗ್, ಕನ್ಯೂರ್, ಆಮೆ: ನಾಲ್ಕನ್ನೂ ಸಾಕಿ ನೋಡಿದ ಮೇಲೆ

ನಮ್ಮಕ್ಕನ ಮಗ ಪಿಯುಸಿ ಮುಗ್ಸಿ ರಜದಲ್ಲಿ ಕೂತಿದಾನೆ, ದಿನಾ ರಾತ್ರಿ ಒಂದೊಂದು ರೀಲ್ ಕಳಿಸ್ತಾನೆ, ಒಂದ್ಸಲ ಶುಗರ್ ಗ್ಲೈಡರ್ ಯಾರದೋ ಶರ್ಟ್ ಜೇಬಿಂದ ಇಣುಕ್ತಿರತ್ತೆ, ಇನ್ನೊಂದ್ಸಲ ಹೆಡ್ಜ್‌ಹಾಗ್‌ಗೆ ಹಲ್ಲುಜ್ಜೋ ಬ್ರಷ್ಷಲ್ಲಿ ಸ್ನಾನ ಮಾಡಿಸ್ತಿರ್ತಾರೆ, ಕೆಳಗಡೆ ಅದೇ ಪ್ರಶ್ನೆ: "ಮಾಮ, ಯಾವ್ದು ಬೆಸ್ಟು?" ವಾಯ್ಸ್ ನೋಟ್ ಕಳಿಸಿ ಕಳಿಸಿ ಸಾಕಾಗಿ ಇದನ್ನ ಬರೀತಿದೀನಿ. ವಿಜಯನಗರದ ಎರಡನೇ ಮಹಡಿ ಬಾಡಿಗೆ ಮನೇಲಿ ಎಂಟೊಂಬತ್ತು ವರ್ಷದಲ್ಲಿ ನಾಲ್ಕನ್ನೂ ಸಾಕಿದೀನಿ, ಆದ್ರಿಂದ ಕೇಳಿ ಹೇಳ್ತಿಲ್ಲ, ಕಚ್ಚಿಸ್ಕೊಂಡು ಹೇಳ್ತಿದೀನಿ.

ಅಂಗಡೀಲಿ ರೇಟು ಹೇಳ್ತಾರೆ, ಗಂಡೋ ಹೆಣ್ಣೋ ಹೇಳ್ತಾರೆ, ಪಂಜರ ಬೇಕಾ ಅಂತ ಕೇಳ್ತಾರೆ. "ಸಾರ್ ನೀವು ಎಷ್ಟೊತ್ತಿಗೆ ಮಲಗ್ತೀರ?" ಅಂತ ಮಾತ್ರ ಒಬ್ರೂ ಕೇಳಲ್ಲ. ನನ್ನ ಕಥೆ ಪೂರ್ತಿ ಅದ್ರ ಮೇಲೇ ನಿಂತಿರೋದು.

ಶುಗರ್ ಗ್ಲೈಡರ್ ಜೋಡಿ ತಂದಾಗ ನಾನು ಅಮೆರಿಕ ಶಿಫ್ಟಲ್ಲಿದ್ದೆ. ಇವು ಆಸ್ಟ್ರೇಲಿಯಾ ಕಡೆಯ ಪ್ರಾಣಿ, ನೋಡೋಕೆ ಅಳಿಲಿನ ತರ ಇದ್ರೂ ಅಳಿಲಲ್ಲ, ಕಾಂಗರೂ ತರ ಹೊಟ್ಟೆ ಚೀಲದಲ್ಲಿ ಮರಿ ಬೆಳೆಸೋ ಜಾತಿ, ಒಂದೊಂದೂ 120 ಗ್ರಾಂ ಆಸುಪಾಸು. ಚಕ್ಲಿ, ಕೋಡುಬಳೆ ಅಂತ ಹೆಸರಿಟ್ಟಿದ್ದೆ. ಮೊದಲ ಎರಡು ವಾರ ಗೂಡಿಗೆ ಕೈ ಹಾಕಿದ್ರೆ ಸಾಕು, ಹಳೇ ಮಿಕ್ಸಿಗೆ ಒಣಮೆಣಸಿನಕಾಯಿ ಹಾಕಿ ತಿರುಗಿಸಿದಂಗೆ ಕಿರುಚ್ತಿದ್ವು, ಅಷ್ಟು ಚಿಕ್ಕ ಬಾಯಿಂದ ಅಷ್ಟು ದೊಡ್ಡ ಸದ್ದು ಹೆಂಗೆ ಬರತ್ತೋ. ಹಗಲು ಬಟ್ಟೆ ಚೀಲದಲ್ಲಿ ಹಾಕಿ ಕೊರಳಿಗೆ ನೇತು ಹಾಕ್ಕೊಂಡು ಓಡಾಡ್ಬೇಕು, ಅವು ಅದರೊಳಗೆ ನಿದ್ದೆ ಹೊಡೀತಾ ನಮ್ಮ ಬೆವರಿನ ವಾಸನೆಗೆ ಒಗ್ಗಿಕೊಳ್ತವೆ. ಒಗ್ಗಿದ ಮೇಲೆ ಇದೆಯಲ್ಲಾ, ರಾತ್ರಿ ಎರಡೂವರೆಗೆ ಕ್ಯಾಬ್ ಇಳಿದು ಬಂದು ಬಾಗಿಲು ತೆಗೆದ್ರೆ ಕರ್ಟನ್ ರಾಡಿಂದ ಸುಯ್ಯಂತ ಹಾರಿ ಬಂದು ಎದೆ ಮೇಲೆ ಅಂಟ್ಕೊಳ್ಳೋವು, ಊರೆಲ್ಲಾ ಮಲಗಿರುವಾಗ ನನಗೋಸ್ಕರ ಎಚ್ಚರ ಇರೋರು ಇವರಿಬ್ರೇ ಅನ್ಸೋದು.

ಕಷ್ಟ ಅಂದ್ರೆ ಊಟ. ತಂದ ಅಂಗಡಿಯವನು "ಸೇಬು ಬಾಳೆಹಣ್ಣು ಹಾಕಿ ಸಾರ್, ಸಾಕು" ಅಂದಿದ್ದ. ನಾಲ್ಕು ತಿಂಗಳಿಗೆ ಕೋಡುಬಳೆ ಹಿಂದಿನ ಕಾಲು ಎಳೆಯೋಕೆ ಶುರು ಮಾಡ್ತು. ಮೂರು ಕಡೆ ಫೋನ್ ಮಾಡಿದ್ರೆ ನಾಯಿ ಬೆಕ್ಕು ಮಾತ್ರ ನೋಡೋದು ಅಂದ್ರು, ಕೊನೆಗೆ ಊರಿನ ಇನ್ನೊಂದು ತುದೀಲಿ ಒಬ್ರು ಡಾಕ್ಟ್ರು ಸಿಕ್ಕಿ, ಇದು ಕ್ಯಾಲ್ಸಿಯಂ ಕೊರತೆ, ಬರೀ ಹಣ್ಣು ಹಾಕಿದ್ರೆ ಹಿಂಗೇ ಆಗೋದು ಅಂತ ಬೈದು, ಮೊಟ್ಟೆ, ಹುಳ, ಕ್ಯಾಲ್ಸಿಯಂ ಪುಡಿ ಎಲ್ಲಾ ಬರೆದುಕೊಟ್ರು. ಉಳ್ಕೊಳ್ತು. ಆದ್ರೆ ಅಷ್ಟರಲ್ಲಿ ನಮ್ಮ ಪ್ರಾಜೆಕ್ಟ್ ಮುಗಿದು ಡೇ ಶಿಫ್ಟಿಗೆ ಹಾಕಿದ್ರು. ಅಲ್ಲಿಗೆ ಮುಗೀತು. ಬೆಳಗ್ಗೆ ಎಂಟಕ್ಕೆ ಆಫೀಸು, ಇವು ರಾತ್ರಿ ಹನ್ನೊಂದಕ್ಕೆ ಎದ್ದು ಸಣ್ಣ ನಾಯಿಮರಿ ತರ ಬೊಗಳೋದು (ನಿಜವಾಗ್ಲೂ ಬೊಗಳ್ತವೆ), ನಾನು ಮಲಗಿದ್ರೆ ಅವಕ್ಕೆ ಜೊತೆ ಇಲ್ಲ, ಅವಕ್ಕೆ ಜೊತೆ ಕೊಟ್ರೆ ನನಗೆ ನಿದ್ದೆ ಇಲ್ಲ. ಎರಡು ತಿಂಗಳು ತಡ್ಕೊಂಡು, ಇನ್ನೂ ನೈಟ್ ಶಿಫ್ಟಲ್ಲೇ ಇದ್ದ ಫ್ರೆಂಡಿಗೆ ಗೂಡಿನ ಸಮೇತ ಕೊಟ್ಟುಬಿಟ್ಟೆ. ಹತ್ತು ಹನ್ನೆರಡು ವರ್ಷ ಬದುಕೋ ಪ್ರಾಣಿ, ಒಂದನ್ನೇ ಸಾಕೋ ಹಾಗೂ ಇಲ್ಲ, ಒಂಟಿ ಆದ್ರೆ ಮೈ ಕೂದಲು ತಾನೇ ಕಿತ್ಕೊಳ್ಳೋಕೆ ಶುರು ಮಾಡ್ತವೆ.

ಹೆಡ್ಜ್‌ಹಾಗ್ ನಾನು ದುಡ್ಡು ಕೊಟ್ಟು ತಂದಿದ್ದಲ್ಲ, ಕಸಿನ್ ಕೆನಡಾಗೆ ಹೋಗುವಾಗ ಬಿಟ್ಟುಹೋದ. ಬೆನ್ನ ತುಂಬಾ ಮುಳ್ಳಿರೋ ಚಿಕ್ಕ ಪ್ರಾಣಿ, ಆಫ್ರಿಕಾದ ಪಿಗ್ಮಿ ಜಾತಿ. ಉಂಡೆ ಆಗಿ ಕೂತ್ರೆ ಥೇಟ್ ಮುದ್ದೆ, ಅದೇ ಹೆಸರು. ಅಮ್ಮ ಊರಿಂದ ಬಂದಾಗ ನೋಡಿ "ಮುಳ್ಳುಹಂದಿ ಮರೀನ ಮನೇಲಿ ಇಟ್ಕೊಂಡಿದೀಯಲ್ಲೋ" ಅಂದ್ರು, ಅದು ಬೇರೆ ಇದು ಬೇರೆ ಅಂತ ಎಷ್ಟು ಹೇಳಿದ್ರೂ ಒಪ್ಪಲಿಲ್ಲ. ಇದೂ ರಾತ್ರಿ ಪ್ರಾಣಿನೇ, ಆದ್ರೆ ಗ್ಲೈಡರ್ ಜೊತೆ ಹೋಲಿಸಿದ್ರೆ ಇದಕ್ಕೆ ನಮ್ಮ ಹಂಗೇ ಇಲ್ಲ. ಒಂಟಿ ಇರೋಕೇ ಇಷ್ಟ. ಸಂಜೆ ಒಂದು ಬಟ್ಟಲು ಬೆಕ್ಕಿನ ಫುಡ್ಡು, ನಾಲ್ಕು ಹುಳ, ನೀರು, ಓಡೋಕೆ ಒಂದು ಚಕ್ರ, ಮುಗೀತು. ರಾತ್ರಿಯೆಲ್ಲಾ ಚಕ್ರದ ಮೇಲೆ ಓಡ್ತಾನೇ ಅಲ್ಲೇ ಕಕ್ಕ ಮಾಡಿ ಅದನ್ನೇ ತುಳೀತಾ ಓಡತ್ತೆ, ಬೆಳಗ್ಗೆ ಕಾಫಿಗೆ ಮುಂಚೆ ಚಕ್ರ ತೊಳೆಯೋದು ನನ್ನ ಕೆಲ್ಸ, ಅದನ್ನ ಯಾವ ರೀಲಲ್ಲೂ ತೋರ್ಸಲ್ಲ. ಒಂದಿನ ನನ್ನ ಹೊಸ ಲೆದರ್ ಚಪ್ಪಲಿ ನೆಕ್ಕಿ ಬಾಯಲ್ಲಿ ನೊರೆ ತಂದು ಕತ್ತು ತಿರುಚಿ ಬೆನ್ನಿನ ಮುಳ್ಳಿಗೆಲ್ಲಾ ಹಚ್ಕೊಳ್ತಿತ್ತು, ಫಿಟ್ಸ್ ಬಂತು ಅಂತ ನಾನು ಆಟೋ ಬುಕ್ ಮಾಡಿದ್ದೆ, ಆಮೇಲೆ ಗೊತ್ತಾಯ್ತು ಹೊಸ ವಾಸನೆ ಸಿಕ್ರೆ ಇವು ಹಂಗೇ ಮಾಡೋದು.

ನಿಜವಾಗಿ ಹೆದರಿದ್ದು ಒಂದು ಡಿಸೆಂಬರ್ ರಾತ್ರಿ. ಬೆಂಗಳೂರಿನ ಚಳಿ ನಮಗೆ ಹಿತ, ಅದಕ್ಕಲ್ಲ. 18 ಡಿಗ್ರಿಗಿಂತ ಕೆಳಗೆ ಹೋದ್ರೆ ಮೈ ತಣ್ಣಗಾಗಿ ಶಿಶಿರನಿದ್ದೆಗೆ ಜಾರೋಕೆ ನೋಡತ್ತೆ, ಈ ಜಾತಿಗೆ ಅದು ತಡ್ಕೊಳ್ಳೋ ಶಕ್ತಿ ಇಲ್ಲ, ಸತ್ತೇ ಹೋಗಬಹುದು. ಕರೆಂಟ್ ಹೋಗಿ ಹೀಟಿಂಗ್ ಪ್ಯಾಡ್ ಆಫ್ ಆಗಿತ್ತು, ನಾನು ನೋಡಿದಾಗ ಬೆಳಗಿನ ಜಾವ ನಾಲ್ಕು. ಎತ್ತಿಕೊಂಡ್ರೆ ಮುಳ್ಳು ಎತ್ತಲಿಲ್ಲ, ಬುಸ್ ಅನ್ನಲಿಲ್ಲ, ಹೊಟ್ಟೆ ಮುಟ್ಟಿದ್ರೆ ಫ್ರಿಜ್ಜಿಂದ ತೆಗೆದ ಹಿಟ್ಟಿನ ತರ. ಬನಿಯನ್ ಒಳಗೆ ಎದೆಗೆ ಒತ್ತಿಕೊಂಡು ಮೇಲೆ ಕಂಬಳಿ ಹೊದ್ದು ಕೂತೆ. ಮುಕ್ಕಾಲು ಗಂಟೆ ಆದ್ಮೇಲೆ ಮೊದಲು ಒಂದು ಕಾಲು ಅಲ್ಲಾಡ್ತು, ಆಮೇಲೆ ಮೂಗು, ಆಮೇಲೆ ಮುಳ್ಳೆಲ್ಲಾ ಒಟ್ಟಿಗೆ ಎದ್ದು ನನ್ನೆದೆಗೆ ಚುಚ್ಚಿದಾಗ ಖುಷಿಗೆ ಅಳು ಬಂತು. ಮುದ್ದೆ ಹೋದ ವರ್ಷ ಹೋಯ್ತು, ನಾಲ್ಕು ವರ್ಷ ತುಂಬಿತ್ತು, ಅವಕ್ಕೆ ಆಯಸ್ಸು ಹೆಚ್ಚುಕಮ್ಮಿ ಅಷ್ಟೇ.

ಸನ್ ಕನ್ಯೂರ್ ಈಗ್ಲೂ ಇದೆ, ಇದನ್ನ ಟೈಪ್ ಮಾಡ್ತಿರುವಾಗ ಭುಜದ ಮೇಲೆ ಕೂತು ಕನ್ನಡಕದ ಕಡ್ಡಿ ಎಳೀತಿದೆ. ಕೇಸರಿಬಾತ್ ಅಂತ ಹೆಸರು, ಬಣ್ಣ ನೋಡಿದೋರಿಗೆ ವಿವರಿಸ್ಬೇಕಾಗಿಲ್ಲ. ದಕ್ಷಿಣ ಅಮೆರಿಕದ ಸಣ್ಣ ಗಿಳಿ ಜಾತಿ, ಕಾಡಲ್ಲಿ ಅಳಿವಿನಂಚಿಗೆ ಬಂದಿದೆ. ಅದರ ಗಡಿಯಾರ ನನ್ನದಕ್ಕೆ ಸರಿಯಾಗಿ ಕೂರತ್ತೆ, ಸೂರ್ಯನ ಜೊತೆ ಏಳತ್ತೆ, ಕತ್ತಲಾದ್ರೆ ಮಲಗತ್ತೆ. ಆದ್ರೆ ಎದ್ದ ತಕ್ಷಣ ಕೂಗತ್ತಲ್ಲಾ, ಅದಕ್ಕೆ ವಾಲ್ಯೂಮ್ ಬಟನ್ ಇಲ್ಲ. ಕುಕ್ಕರ್ ಕೂಗಿದ್ರೆ ಪೈಪೋಟಿಗೆ ಬಿದ್ದು ಕೂಗತ್ತೆ. ಮೊದಲನೇ ವಾರ ಕೆಳಗಡೆ ಓನರ್ ಆಂಟಿ ಮೆಟ್ಟಿಲ ಹತ್ರ ನಿಂತು "ಏನಪ್ಪಾ, ಬೆಳ್‌ಬೆಳಗ್ಗೆ ಯಾರನ್ನ ಹೊಡೀತಿದೀಯ?" ಅಂದಿದ್ರು, ಈಗ ಅವರೇ ದಿನಾ ಸೀಬೆಹಣ್ಣಿನ ಚೂರು ಕಳಿಸ್ತಾರೆ, ಎಲ್ಲರಿಗೂ ಇಂಥ ಓನರ್ ಸಿಗಲ್ಲ.

ಇದಕ್ಕೋಸ್ಕರ ಮನೆ ಬದಲಾಗಿದ್ದೂ ಉಂಟು. ನಾನ್‌ಸ್ಟಿಕ್ ಪಾತ್ರೆ ಹೆಚ್ಚು ಕಾದ್ರೆ ಬರೋ ಹೊಗೆ ನಮಗೆ ಗೊತ್ತಾಗೋ ಮುಂಚೆ ಹಕ್ಕಿ ಪ್ರಾಣ ತೆಗಿಯತ್ತೆ, ಹಾಗಾಗಿ ದೋಸೆ ತವಾ ಎಸೆದು ಅಮ್ಮನ ಹತ್ರ ಕಬ್ಬಿಣದ ಕಾವಲಿ ಇಸ್ಕೊಂಡು ಬಂದೆ, ದೋಸೆ ವಾಸಿ ಆಯ್ತು ಅದು ಬೇರೆ ಮಾತು. ಬೆಣ್ಣೆಹಣ್ಣು, ಚಾಕೊಲೇಟ್ ಎರಡೂ ಅದಕ್ಕೆ ವಿಷ. ಹಕ್ಕಿ ಹೊರಗಿದ್ರೆ ಫ್ಯಾನ್ ಆಫ್, ಏಪ್ರಿಲ್ ಆದ್ರೂ ಆಫ್. ಲ್ಯಾಪ್‌ಟಾಪಿನ ಏಳು ಕೀ ಕಿತ್ತು ಹಾಕಿದೆ.

ಕಾಗದ ಪತ್ರದ ತಲೆನೋವೂ ಇದಕ್ಕೇ. ಕನ್ಯೂರ್ ಸೈಟಿಸ್ (ಅಪಾಯದಲ್ಲಿರೋ ಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟೀಲಿ ಬರತ್ತೆ, 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, 2024ರ ಫೆಬ್ರವರೀಲಿ ನಿಯಮ ಮಾಡಿ, ಆಗ್ಲೇ ಇಟ್ಕೊಂಡಿದ್ದೋರಿಗೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡೋಕೆ ಆರು ತಿಂಗಳು ಕೊಟ್ರು. ಮರಿ ಆದ್ರೂ ತಿಳಿಸ್ಬೇಕು, ಸತ್ರೂ ತಿಳಿಸ್ಬೇಕು, ಬೇರೆಯವರಿಗೆ ಕೊಟ್ರೂ ತಿಳಿಸ್ಬೇಕು. ಗ್ಲೈಡರ್ರೂ ಆಫ್ರಿಕಾದ ಹೆಡ್ಜ್‌ಹಾಗೂ ಆ ಪಟ್ಟೀಲಿಲ್ಲ. ತಮಾಷೆ ನೋಡಿ, ಎಲ್ಲಿಂದಲೋ ಬಂದ ಇವನ್ನ ಸಾಕಬಹುದು, ನಮ್ಮ ಮಾವಿನ ಮರದ ಹಸಿರು ಗಿಳೀನ ಪಂಜರದಲ್ಲಿಟ್ರೆ ಅಪರಾಧ, ನಕ್ಷತ್ರ ಆಮೆ ಅಂತೂ ಮುಟ್ಟೋ ಹಾಗೇ ಇಲ್ಲ, ಕಾಯ್ದೆಯ ಒಂದನೇ ಶೆಡ್ಯೂಲು, ಅಂದ್ರೆ ಅತಿ ಬಿಗಿ ರಕ್ಷಣೆಯ ಪಟ್ಟಿ. ನನ್ನ ಪ್ರಕಾರ ಅದು ಸರೀನೇ.

ಇನ್ನು ಆಮೆ. ಕೆಂಪು ಕಿವಿಯ ಸ್ಲೈಡರ್, ಅಮೆರಿಕದ್ದು, ಎಲ್ಲಕ್ಕಿಂತ ಮೊದಲು ಬಂದಿದ್ದು ಇದೇ, ಬರ್ತ್‌ಡೇಗೆ ಫ್ರೆಂಡ್ಸ್ ಕೊಟ್ಟಿದ್ದು, 150 ರೂಪಾಯಿ, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ನಾಲ್ಕರಲ್ಲಿ ಅತಿ ಅಗ್ಗ, ಮೈಮೇಲೆ ಬಂದಿದ್ದೂ ಇದೇ. ಬಟ್ಟಲಲ್ಲಿದ್ದದ್ದು ತೊಟ್ಟಿಗೆ, ತೊಟ್ಟಿಯಿಂದ ಅಕ್ವೇರಿಯಂಗೆ, ಫಿಲ್ಟರ್ ಹಾಕಿದ್ರೂ ಮೂರೇ ದಿನಕ್ಕೆ ನೀರು ಗಬ್ಬು, ಬಿಸಿಲು ಕಾಯೋಕೆ ಕಲ್ಲು, ಯುವಿ ಲೈಟು. ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಮಕ್ಕಳಿಗೆ ಹರಡತ್ತೆ ಅಂತ ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರೋದು ನಿಲ್ಲಿಸಿದ್ರು, ನಮ್ಮಲ್ಲಿ ಮಾರೋದೇ ಚಿಕ್ಕದನ್ನ. ಸಾಕಾದೋರೆಲ್ಲಾ ಕೆರೆಗೆ ಬಿಟ್ಟು ಪುಣ್ಯ ಬಂತು ಅಂದ್ಕೊಳ್ತಾರೆ, ಅದು ಅಲ್ಲಿ ನಮ್ಮ ಆಮೆಗಳ ಊಟ, ಬಿಸಿಲು ಕಾಯೋ ಜಾಗ ಎಲ್ಲಾ ಕಿತ್ಕೊಳ್ಳತ್ತೆ. ನನಗೆ ಬಿಡೋಕೆ ಮನಸ್ಸಾಗದೆ ತಿಪಟೂರಲ್ಲಿ ಅಮ್ಮನ ಮನೆ ಹಿತ್ತಲ ಸಿಮೆಂಟ್ ತೊಟ್ಟಿಗೆ ಸಾಗಿಸಿದೆ. ಈಗ ಊಟದ ತಟ್ಟೆಯಷ್ಟಿದೆ. ಅಮ್ಮ ಸುಬ್ಬಿ ಅಂತ ಕರೀತಾರೆ, ಹರಿವೆ ಸೊಪ್ಪು ಹಾಕ್ತಾರೆ.

ಹಾಗಾಗಿ ಅಳಿಯಂದಿರೇ, ಕಾಲೇಜಿಗೆ ಹೋಗೋ ನಿಮಗೆ ಗ್ಲೈಡರ್ ಬೇಡವೇ ಬೇಡ. ಹೆಡ್ಜ್‌ಹಾಗ್ ಆಗಬಹುದು, ಯುಪಿಎಸ್ ಇದ್ರೆ, ವಾಪಸ್ ಪ್ರೀತಿ ನಿರೀಕ್ಷೆ ಇಲ್ಲದಿದ್ರೆ. ಕನ್ಯೂರ್ ಬೇಕೇಬೇಕು ಅಂದ್ರೆ 20 ವರ್ಷ ಆಚೆಗೂ ಬದುಕೋ ಹಕ್ಕಿ ಅದು, ನಿನಗೆ ಕೆಲಸ ಎಲ್ಲಿ ಸಿಗತ್ತೆ, ಮದುವೆ ಆಗೋಳು ಒಪ್ತಾಳಾ, ಎಲ್ಲಾ ನೋಡ್ಕೊಂಡು ಹೇಳು. ಆಮೆ ಬೇಕಾದ್ರೆ ಅಂಗಡಿಗೆ ಹೋಗ್ಬೇಡ, ಅಜ್ಜಿ ಮನೆಗೆ ಹೋಗು, ತೊಟ್ಟಿ ತೊಳಿಯೋಕೆ ಜನ ಬೇಕು ಅಂತ ಈ ವಾರ ಆಗ್ಲೇ ಎರಡು ಸಲ ಫೋನ್ ಮಾಡಿದಾರೆ.