ನಾಲ್ಕು ಕ್ಲಿಪ್ಪಿನ ಡಬ್ಬಿ ವಾಪಸ್, ದುರ್ಗದಬೈಲಿನ ಸ್ಟೀಲ್ ಡಬ್ಬಿ ಪಾಸ್

ಮಗಳನ್ನು ಈ ವರ್ಷ ಎಲ್‌ಕೆಜಿಗೆ ಹಾಕಿದೆವು. ಅಡ್ಮಿಷನ್ನಿನ ಓಡಾಟ ಮುಗಿದ ಮೇಲೆ ನನಗೆ ಚಿಂತೆ ಹತ್ತಿದ್ದು ಅಆಇಈಯದ್ದಲ್ಲ, ಊಟದ ಡಬ್ಬಿಯದ್ದು. ಮನೆಯಲ್ಲಿ ನಾನೋ ನಮ್ಮತ್ತೆಯೋ ತುತ್ತು ಮಾಡಿ ಬಾಯಿಗಿಡುತ್ತೇವೆ. ಅಲ್ಲಿ ಕ್ಲಾಸಿಗೆ ಒಬ್ಬರು ಮಿಸ್, ಒಬ್ಬರು ಆಯಾ. ಎಷ್ಟು ಮಕ್ಕಳ ಡಬ್ಬಿ ಅಂತ ತೆಗೆದುಕೊಟ್ಟಾರು?

ಮೊದಲು ಆನ್‌ಲೈನಿನಲ್ಲಿ ತರಿಸಿದ್ದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ, 649 ರೂಪಾಯಿ. ನಾಲ್ಕೂ ಕಡೆ ಕ್ಲಿಪ್ಪು, ಒಳಗೆ ಮೂರು ಖಾನೆ, ಮುಚ್ಚಳದ ಸುತ್ತ ರಬ್ಬರ್ ರಿಂಗು. ನೋಡಲಿಕ್ಕೆ ಚೆಂದ. ಉಪ್ಪಿಟ್ಟು ಹಾಕಿ ಮಗಳ ಕೈಗೆ ಕೊಟ್ಟೆ. ಎರಡೂ ಹೆಬ್ಬೆರಳು ಕ್ಲಿಪ್ಪಿನ ಕೆಳಗೆ ತೂರಿಸಿ, ನಾಲಿಗೆ ಹೊರಗೆ ಹಾಕಿ, ಉಗುರಿನ ತುದಿ ಬೆಳ್ಳಗಾಗುವ ತನಕ ಎತ್ತಿದಳು. ಮೂರನೆಯ ಕ್ಲಿಪ್ಪಿಗೆ ಬರುವಷ್ಟರಲ್ಲಿ ಡಬ್ಬಿಯನ್ನು ಹೊಟ್ಟೆಗೆ ಅವಚಿಕೊಂಡಿದ್ದಳು. ನಾಲ್ಕನೆಯದು ಒಮ್ಮೆಲೇ ಹಾರಿತು, ಉಪ್ಪಿಟ್ಟು ಫರಸಿ ತುಂಬ. ಬಿಸಿಬಿಸಿ ಹಾಕಿ ಮುಚ್ಚಿದರಂತೂ ಮುಗೀತು: ಒಳಗಿನ ಹಬೆ ಆರಿ ನೀರಾಗುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ನಾನೇ ಸಂದಿಗೆ ಚಮಚೆ ಹಾಕಿ ಎಬ್ಬಿಸಬೇಕಾಯಿತು. ವಾಪಸ್ ಕಳಿಸಿದೆ.

ಶನಿವಾರ ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆವು. ದುರ್ಗದಬೈಲಿನ ಗದ್ದಲದೊಳಗೆ ಒಂದು ಹಳೆಯ ಪಾತ್ರೆ ಅಂಗಡಿ. ನಾನು ಬಾಯಿ ತೆಗೆಯುವ ಮೊದಲೇ ಅಂಗಡಿಯ ಕಾಕಾ, "ಡಬ್ಬಿ ಯಾರಿಗ್ರಿ, ಈಕಿಗೇನು? ಹಂಗಾರ ಈಕೀನ ಕೂಡಸ್ರಿ, ತಾನ ನೋಡ್ಲಿ" ಅಂತ ಮಗಳನ್ನು ಕೌಂಟರಿನ ಮೇಲೆ ಕೂರಿಸಿ ಐದಾರು ಡಬ್ಬಿ ಮುಂದಿಟ್ಟರು. ತಿರುಪಿನ ಮುಚ್ಚಳ ಬರಲಿಲ್ಲ. ಎರಡು ಕೊಂಡಿಯದ್ದು ಒಂದು ಸಲ ಬಂತು, ಇನ್ನೊಂದು ಸಲ ಇಲ್ಲ. ಮೇಲಿಂದ ಒತ್ತಿ ಕೂರಿಸುವ ಸಾದಾ ಮುಚ್ಚಳದ್ದನ್ನು ಮಾತ್ರ ಟಪ್ ಅಂತ ತೆಗೆದಳು, ಟಪ್ ಅಂತ ಮುಚ್ಚಿದಳು. ಹಿಂದೆ ಜನ ನಿಂತಿದ್ದರೂ ಕಾಕಾ ಅವಸರ ಮಾಡಲಿಲ್ಲ.

220 ರೂಪಾಯಿ. ಹೆಸರು ಕೊರೆಯುವುದು ಪುಕ್ಕಟೆ. "ಅಕಿಗೆ ಓದಾಕ ಬರೂದಿಲ್ರಿ ಕಾಕಾ, ಹೆಸರಿನ ಬಾಜೂಕ ಒಂದು ಮೀನ ತೆಗೀರಿ" ಅಂದೆ. ಮಷೀನು ಗುಂಯ್ ಅಂದಿತು. ಬಂದದ್ದು ಬದನೆಕಾಯಿಯಂಥ ಮೀನು. ಮಗಳಿಗೆ ಮಾತ್ರ ಅದೇ ಗುರುತು.

ಕೊರತೆ ಇಲ್ಲ ಅಂತಲ್ಲ. ಅಂಚು ಸ್ವಲ್ಪ ಚೂಪಿತ್ತು, ಎಮರಿ ಕಾಗದದಿಂದ ಉಜ್ಜಿದೆ. ಮೊಸರನ್ನದ ನೀರು ಸೋರುತ್ತದೆ, ಸಾರಿನ ಮಾತೇ ಬೇಡ. ಚಪಾತಿಗೆ ತುಪ್ಪ-ಬೆಲ್ಲ ಹಚ್ಚಿ ಸುರುಳಿ ಸುತ್ತಿ ಕೊಡುತ್ತೇನೆ. ಒಳಗೆ ಖಾನೆ ಇಲ್ಲ, ಅದು ನನಗೇನೂ ಕೊರತೆ ಅನಿಸಿಲ್ಲ.

ಬ್ಯಾಗು ಬೇರೆ ಅಂಗಡಿಯದ್ದು, ಕೊಳ್ಳಲಿಲ್ಲ. ಮುಂದೆ ಉಬ್ಬಿದ ಕುದುರೆ ಮುಖ, ಖಾಲಿ ಇದ್ದಾಗಲೇ ಹೆಗಲು ಜಗ್ಗುವಷ್ಟು ಭಾರ. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯ ಪ್ರಕಾರ ಪೂರ್ವ ಪ್ರಾಥಮಿಕದ ಮಕ್ಕಳಿಗೆ ಬ್ಯಾಗೇ ಬೇಡ. ದೊಡ್ಡ ಕ್ಲಾಸಿನ ಮಕ್ಕಳಿಗೂ ಮೈತೂಕದ ಶೇ 10ರಷ್ಟೇ ಮಿತಿ. ಹೀಗೆಂದಾಗ ಅಂಗಡಿಯವನು ನನ್ನ ಮುಖ ನೋಡಿದ. ಡಬ್ಬಿ, ನೀರಿನ ಬಾಟ್ಲಿ, ಒಂದು ಜೊತೆ ಚಡ್ಡಿ ಹಿಡಿಯುವ ಬಟ್ಟೆಯ ಚೀಲವನ್ನು ಅತ್ತೆ ಹೊಲಿದುಕೊಟ್ಟರು.

ಮೇ ತುಂಬ ಮಧ್ಯಾಹ್ನ ಕಟ್ಟೆಯ ಮೇಲೆ ಶಾಲೆ ಆಟ. ಅತ್ತೆಯೇ ಮಿಸ್. ಚೀಲ ಬಿಚ್ಚು, ಡಬ್ಬಿ ತೆಗೆ, ತಿನ್ನು, ಮುಚ್ಚು, ಚೀಲಕ್ಕೆ ಹಾಕು. ಇದು ನಾಲ್ಕು ದಿನಕ್ಕೆ ಬಂತು. ಮೂರು ವಾರ ಹಿಡಿದದ್ದು "ಮಿಸ್, ಒಂದಕ್ಕ ಹೋಗಬೇಕ್ರಿ" ಅನ್ನುವ ಮಾತು. ಅಜ್ಜಿಗೇ ಹೇಳಲು ನಾಚಿಕೆ! ಗುಂಡಿಯ ಚಡ್ಡಿ ಎಲ್ಲ ತೆಗೆದಿಟ್ಟು ಇಲಾಸ್ಟಿಕ್ಕಿನವು ತಂದೆ.

ಶಾಲೆ ಶುರುವಾಗಿ ಎರಡು ವಾರವಾಯಿತು. ಡಬ್ಬಿ ದಿನಾ ಖಾಲಿ ಬರುತ್ತಿದೆ. ಮೊನ್ನೆ ಮಾತ್ರ ಮುಚ್ಚಳ ಬೇರೆ ಯಾರದೋ ಬಂತು, ಮೀನೂ ಇಲ್ಲ ಹೆಸರೂ ಇಲ್ಲ. ಕಾಕಾ ಹೆಸರು ಕೊರೆದದ್ದು ಮುಚ್ಚಳದ ಮೇಲೆ ಮಾತ್ರ. ನೀವು ಹೋದರೆ ಡಬ್ಬಿಯ ತಳಕ್ಕೂ ಕೊರೆಸಿರಿ.