ಗಾಳಿ ಕಾಯಿಸುವ ಸೌರ ಚಾವಣಿ: ನಾಲ್ಕು ಚಳಿಗಾಲಗಳ ಬಳಕೆಯ ನಂತರ

ಚಾವಣಿಯ ಬಿಸಿಲು ಬೀಳುವ ಮಗ್ಗುಲಲ್ಲಿ ನಾನೇ ಕಟ್ಟಿಕೊಂಡ ಈ ಸೌರ ಫಲಕ ನಾಲ್ಕು ಚಳಿಗಾಲ ಕಂಡಿದೆ. ಹೊಳಪಿಲ್ಲದ ಕಪ್ಪು ಬಣ್ಣ ಬಳಿದ ಸುಕ್ಕುತಗಡು, ಮೇಲೆ ಬೆಳಕು ಹಾಯುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳೆ, ತಗಡಿನಡಿ ಗಾಳಿ ಹರಿಯುವ ಸಂದು, ಅದರ ಕೆಳಗೆ ಶಾಖ ಸೋರದಂತೆ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ನಾರು) ಹೊದಿಕೆ. ಕೋಣೆಯ ತಣ್ಣನೆಯ ಗಾಳಿಯನ್ನು ಸಣ್ಣದೊಂದು ಫ್ಯಾನ್ ಈ ಸಂದಿನ ಮೂಲಕ ಎಳೆದು, ಬಿಸಿ ಮಾಡಿ ಹಿಂದಿರುಗಿಸುತ್ತದೆ.

ಫಲಕದ ವಿಸ್ತೀರ್ಣ 10 ಚದರ ಮೀಟರ್. ಚದರ ಮೀಟರಿಗೆ 600 ವ್ಯಾಟ್ ಬಿಸಿಲಿದ್ದು, ಅದರಲ್ಲಿ ಶೇಕಡ 40ರಷ್ಟು ದಕ್ಕಿದರೂ 2.4 ಕಿಲೊವ್ಯಾಟ್ ಶಾಖ ಸಿಗುತ್ತದೆ. ಗಂಟೆಗೆ 240 ಘನ ಮೀಟರ್ ಗಾಳಿ ಹರಿಸಿದರೆ ಅದರ ಉಷ್ಣತೆ ಸುಮಾರು 30 ಡಿಗ್ರಿ ಏರುತ್ತದೆ. ಮೊದಮೊದಲು ನಾನು ಫ್ಯಾನನ್ನು ನಿಧಾನವಾಗಿ ಓಡಿಸಿ, ಕಿಂಡಿಯಿಂದ ಸುಡುಗಾಳಿ ಬರುವುದನ್ನು ಕಂಡು ಹಿಗ್ಗುತ್ತಿದ್ದೆ. ಅದು ತಪ್ಪು ಲೆಕ್ಕ: ತಗಡು ಹೆಚ್ಚು ಕಾದಷ್ಟೂ ಹೊರಗೆ ಸೋರುವ ಶಾಖವೂ ಹೆಚ್ಚು. ವೇಗ ಏರಿಸಿದ ಮೇಲೆ ಗಾಳಿ ಮೊದಲಿನಷ್ಟು ಬಿಸಿಯಾಗಿ ಬರಲಿಲ್ಲ, ಕೋಣೆ ಮಾತ್ರ ಬೇಗ ಬೆಚ್ಚಗಾಯಿತು.

ನಿಜವಾದ ತೊಂದರೆ ಕಾಡಿದ್ದು ರಾತ್ರಿ. ಮೊದಲ ಚಳಿಗಾಲದ ಒಂದು ರಾತ್ರಿ ಕಿಂಡಿಯ ಬಳಿ ಕೈ ಹಿಡಿದಾಗ, ಫ್ಯಾನ್ ನಿಂತಿದ್ದರೂ ತಣ್ಣನೆಯ ಗಾಳಿ ಇಳಿಯುತ್ತಿತ್ತು. ಕೋಣೆಯ ಬೆಚ್ಚನೆಯ ಗಾಳಿ ತಾನಾಗಿ ಮೇಲೇರಿ, ಫಲಕದಲ್ಲಿ ತಣಿದು, ಇನ್ನೊಂದು ಕಿಂಡಿಯಿಂದ ಕೆಳಗೆ ಬೀಳುತ್ತಿತ್ತು. ಹಗಲಿನ ಗಳಿಕೆಯನ್ನು ರಾತ್ರಿ ಕಳೆದುಕೊಳ್ಳುತ್ತಿದ್ದೆನೆಂದು ಆಗ ತಿಳಿಯಿತು. ಕಿಂಡಿಯ ಜಾಲರಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೇಲಂಚಿನಲ್ಲಿ ಮಾತ್ರ ಅಂಟಿಸಿ ಇಳಿಬಿಟ್ಟೆ. ಫ್ಯಾನ್ ಓಡಿದಾಗ ಅದು ತೆರೆದುಕೊಳ್ಳುತ್ತದೆ, ನಿಂತಾಗ ಜಾಲರಿಗೆ ಅಂಟಿ ಮುಚ್ಚಿಕೊಳ್ಳುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಈ ಭಾಗಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ರಾಕ್‌ವೂಲ್ ಇರುವಲ್ಲಿ ಮೊದಲು ಥರ್ಮಾಕೋಲ್ ಇತ್ತು. ಫ್ಯಾನ್ ಕೆಟ್ಟು ನಿಂತ ಒಂದು ಮಧ್ಯಾಹ್ನದ ಕಾವಿಗೇ ಅದು ಮುದುಡಿಹೋಯಿತು. ಪಾಲಿಕಾರ್ಬೊನೇಟಿನ ವಿಷಯದಲ್ಲೂ ಎಚ್ಚರ ಬೇಕು: 3 ಮೀಟರ್ ಹಾಳೆ 40 ಡಿಗ್ರಿಯ ಏರಿಳಿತಕ್ಕೆ ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ, ಆದ್ದರಿಂದ ಸ್ಕ್ರೂಗಿಂತ ದೊಡ್ಡ ರಂಧ್ರ ಕೊರೆಯದಿದ್ದರೆ ಅಂಚು ಸೀಳುತ್ತದೆ. ಅತಿನೇರಳೆ ಕಿರಣ ತಡೆಯುವ ಲೇಪನವಿರುವ ಮೈ ಹೊರಗಿರಬೇಕು. ನಾನು ತಿರುಗುಮುರುಗಾಗಿ ಕೂರಿಸಿದ ಒಂದು ಹಾಳೆ ಮಾತ್ರ ಹಳದಿಗಟ್ಟಿದೆ.

ಮೋಡ ಕವಿದ ದಿನ ಇದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಶಾಖವನ್ನು ರಾತ್ರಿಗೆ ಕೂಡಿಡುವುದೂ ಇಲ್ಲ. ಹಾಗಾಗಿ ಬೇರೆ ಹೀಟರನ್ನು ನಾನು ತೆಗೆದುಹಾಕಿಲ್ಲ. ಮುಂದಿನ ಚಳಿಗಾಲಕ್ಕೆ ಮುನ್ನ ಕೆಳ ಅಂಚಿನ ರಬ್ಬರ್ ಪಟ್ಟಿಯನ್ನು ಬದಲಿಸಬೇಕು, ಬೆರಳು ತಾಗಿಸಿದರೆ ಈಗಲೇ ಪುಡಿ ಉದುರುತ್ತಿದೆ.