ಶೈವಲ ಮಣಿಗಳ ಕಿಟ್: ಪ್ರಯೋಗ ಉತ್ತಮ, ಕೈಪಿಡಿ ಸಾಲದು

ಸಸ್ಯಕೋಶದಲ್ಲಿ ದ್ಯುತಿಸಂಶ್ಲೇಷಣೆಗೂ ಕೋಶೀಯ ಉಸಿರಾಟಕ್ಕೂ ಇರುವ ನಂಟನ್ನು ಬಣ್ಣಗಳ ಮೂಲಕ ತೋರಿಸಲು ಸಿದ್ಧಪಡಿಸಿದ ಕಿಟ್ ಇದು. ಏಕಕೋಶ ಶೈವಲವನ್ನು (ಪಾಚಿಯನ್ನು) ಜೆಲ್ಲಿಯಂತೆ ಗಟ್ಟಿಯಾಗಬಲ್ಲ ಸೋಡಿಯಂ ಆಲ್ಜಿನೇಟ್‌ನಲ್ಲಿ ಬೆರೆಸಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ತೊಟ್ಟಿಕ್ಕಿಸಿದರೆ ಪ್ರತಿ ಹನಿಯೂ ಹಸಿರು ಮಣಿಯಾಗಿ ಗಟ್ಟಿಯಾಗುತ್ತದೆ. ಪ್ರತಿ ಸೀಸೆಗೂ ಅಷ್ಟಷ್ಟೇ ಮಣಿಗಳನ್ನು ಎಣಿಸಿ ಹಾಕಬಹುದಾದ್ದರಿಂದ ಹೋಲಿಕೆಗೆ ಅರ್ಥ ಬರುತ್ತದೆ. ಎಲೆಯ ತುಂಡುಗಳಿಂದ ಈ ಅನುಕೂಲ ಸಿಗುವುದಿಲ್ಲ.

ಜೊತೆಗೆ ಬರುವ ಬೈಕಾರ್ಬೊನೇಟ್ ಸೂಚಕವು ಹೊರಗಾಳಿಯೊಂದಿಗೆ ಸಮತೋಲನದಲ್ಲಿರುವಾಗ ಕೆಂಪಗಿದ್ದು, ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಹಳದಿಗೂ ತಗ್ಗಿದಾಗ ನೇರಳೆಗೂ ತಿರುಗುತ್ತದೆ. (ತೆರೆದ ಸೀಸೆಯ ಮೇಲೆ ಉಸಿರು ಬಿಟ್ಟರೂ ಅದು ಹಳದಿಯತ್ತ ವಾಲುವುದರಿಂದ ಮುಚ್ಚಳ ಬೇಗ ಹಾಕಬೇಕು.) ದೀಪದ ಸಮೀಪದ ಸೀಸೆ ನೇರಳೆಯಾಗುತ್ತದೆ, ಅಲ್ಯೂಮಿನಿಯಂ ಹಾಳೆ ಸುತ್ತಿದ್ದು ಹಳದಿಯಾಗುತ್ತದೆ. ಆದರೆ ಈ ಕಿಟ್‌ನ ಹೆಚ್ಚುಗಾರಿಕೆ ಇರುವುದು, ದೀಪದಿಂದ ತಕ್ಕಷ್ಟು ದೂರದಲ್ಲಿದ್ದು ಬಣ್ಣವನ್ನೇ ಬದಲಿಸದ ಸೀಸೆಯಲ್ಲಿ. ಅಲ್ಲಿ ಏನೂ ನಡೆಯುತ್ತಿಲ್ಲವೆಂದು ತೋರಿದರೂ, ಕೋಶದೊಳಗೆ ಉಸಿರಾಟ ನಡೆಸುವ ಮೈಟೊಕಾಂಡ್ರಿಯಗಳು ಹೊರಬಿಡುವಷ್ಟೇ ಇಂಗಾಲದ ಡೈಆಕ್ಸೈಡನ್ನು ದ್ಯುತಿಸಂಶ್ಲೇಷಣೆ ನಡೆಸುವ ಕ್ಲೋರೊಪ್ಲಾಸ್ಟ್‌ಗಳು ಹೀರಿಕೊಳ್ಳುತ್ತಿರುತ್ತವೆ. ಮಣಿಗಳಿಲ್ಲದ ಸೀಸೆಯೂ ಕೆಂಪಾಗಿಯೇ ಉಳಿಯುತ್ತದೆ, ಆದರೆ ಕಾರಣ ಬೇರೆ: ಅಲ್ಲಿ ನಿಜಕ್ಕೂ ಏನೂ ನಡೆಯುತ್ತಿಲ್ಲ. ಎರಡಕ್ಕೂ ಹಾಳೆ ಸುತ್ತಿಟ್ಟರೆ ಮಣಿಗಳಿರುವುದು ಮಾತ್ರ ಹಳದಿಯಾಗಿ ವ್ಯತ್ಯಾಸ ಬಯಲಾಗುತ್ತದೆ. ಇಷ್ಟು ಸರಳ ಪರೀಕ್ಷೆಯನ್ನು ಕೈಪಿಡಿ ಸೂಚಿಸಿಯೇ ಇಲ್ಲ.

ಕೈಪಿಡಿಯ ದೋಷ ಅಷ್ಟಕ್ಕೇ ನಿಲ್ಲುವುದಿಲ್ಲ. ಅದರ ಚಿತ್ರದಲ್ಲಿ ಹಗಲಿನ ಕೆಳಗೆ ದ್ಯುತಿಸಂಶ್ಲೇಷಣೆ, ರಾತ್ರಿಯ ಕೆಳಗೆ ಉಸಿರಾಟ ಎಂದು ಬರೆಯಲಾಗಿದೆ. ಉಸಿರಾಟ ಹಗಲಿನಲ್ಲಿಯೂ ನಿಲ್ಲುವುದಿಲ್ಲವೆಂಬುದನ್ನು ಇದೇ ಪೆಟ್ಟಿಗೆಯ ಪ್ರಯೋಗ ತೋರಿಸಿಕೊಡುತ್ತದೆ. ಒಂದೇ ಸಮೀಕರಣದ ಬಾಣವನ್ನು ತಿರುಗಿಸಿ ಉಸಿರಾಟವೆಂದು ಕರೆದಿರುವುದೂ ಸಮರ್ಪಕವಲ್ಲ. ಒಂದರ ಉತ್ಪನ್ನಗಳಾದ ಸಕ್ಕರೆ ಮತ್ತು ಆಮ್ಲಜನಕ ಇನ್ನೊಂದರ ಕಚ್ಚಾವಸ್ತುಗಳು ಎಂಬುದು ನಿಜ, ಆದರೆ ದಾರಿಗಳು ಬೇರೆ: ಕ್ಲೋರೊಪ್ಲಾಸ್ಟಿನೊಳಗಿನ ಥೈಲಕಾಯ್ಡ್ ಪೊರೆಯಲ್ಲಿ ನೀರು ಒಡೆದು ಆಮ್ಲಜನಕ ಹೊರಬರುತ್ತದೆ, ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಪಡೆದು ನೀರಾಗುತ್ತದೆ. ಬೆಳಕಿನಲ್ಲೇ ಕೋಶದ ಶಕ್ತಿವಾಹಕ ಅಣುವಾದ ಎಟಿಪಿ ತಯಾರಾಗುವಾಗ ಉಸಿರಾಟವೇಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಆ ಎಟಿಪಿ ಬಹುಪಾಲು ಕ್ಲೋರೊಪ್ಲಾಸ್ಟ್‌ನೊಳಗೆ ಸಕ್ಕರೆ ಕಟ್ಟುವುದಕ್ಕೇ ವ್ಯಯವಾಗುತ್ತದೆ. ಕತ್ತಲಿನಲ್ಲಿರುವ ಎಲೆಗೂ ಕ್ಲೋರೊಪ್ಲಾಸ್ಟ್‌ಗಳಿಲ್ಲದ ಬೇರಿನ ಕೋಶಗಳಿಗೂ ಆ ಸಕ್ಕರೆಯನ್ನು ಒಡೆದು ಪಡೆದ ಎಟಿಪಿಯೇ ಆಧಾರ. ಈ ಪ್ರಶ್ನೆಗೆ ಕೈಪಿಡಿಯಲ್ಲಿ ಒಂದು ಸಾಲಿನ ಉತ್ತರವೂ ಇಲ್ಲದಿರುವುದರಿಂದ, ಪಾಠ ಹೇಳುವವರು ಕೈಪಿಡಿಯನ್ನು ಬದಿಗಿಟ್ಟು ಸ್ವಂತ ಟಿಪ್ಪಣಿ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಸೂಚಕ ತೋರಿಸುವುದು ಇಂಗಾಲದ ಡೈಆಕ್ಸೈಡಿನ ಏರಿಳಿತವನ್ನು ಮಾತ್ರ. ಆಮ್ಲಜನಕವನ್ನೂ ಅಳೆಯಬಯಸುವವರಿಗೆ ಬೇರೆ ಉಪಕರಣ ಬೇಕಾಗುತ್ತದೆ.